ದನಿ ಕೊಡುವವರ ಹೆಸರು

ಈ ಕತೆಯನ್ನು ಸಂಜೆ ಐದಾಗುವುದರೊಳಗೆ ಮುಗಿಸಬೇಕು. ಯಾಕೆಂದು ಈಗಲೇ ಕೇಳಬೇಡಿ, ಮುಗಿಯುವ ಹೊತ್ತಿಗೆ ನಿಮಗೇ ಗೊತ್ತಾಗುತ್ತದೆ. ನಾನು ಕೆಂಪರಾಜು, ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುವವನು. ನನ್ನ ದನಿ ಎಂಥದ್ದೆಂದರೆ, ಮಂಡಿಯ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯ ಕ್ರೇಟಿನಲ್ಲಿರುವ ಕಾಯಿ ಹಣ್ಣಾಗುತ್ತದೆ. ನಂಬದಿದ್ದರೆ ಬಿಡಿ, ವ್ಯಾಪಾರಿಗಳು ನಂಬಿದ್ದರು, ನನಗೆ ಅಷ್ಟು ಸಾಕಿತ್ತು. ಕೋಳಿ ಕೂಗುವ ಮುಂಚೆ ಮಂಡಿಗೆ ಹೋದರೆ ಮಧ್ಯಾಹ್ನ ಮೂರಕ್ಕೆ ಮನೆ. ಊಟ, ಒಂದು ನಿದ್ದೆ, ಐದಕ್ಕೆ ಎದ್ದು ಕಾಫಿ ಕುಡಿದು ಅರಳಿಕಟ್ಟೆಗೆ. ಕಟ್ಟೆಯ ಮೇಲೆ ನಾನು ಎಂಟರ ತನಕ ಕತೆ ಹೇಳುತ್ತಿದ್ದೆ. ಎಲ್ಲ ಬುರುಡೆ ಎನ್ನುವವರೂ ಇದ್ದರು, ಆದರೆ ಅವರೂ ನಡುವೆ ಎದ್ದು ಹೋದದ್ದನ್ನು ನಾನು ನೋಡಿಲ್ಲ.

ನಮ್ಮ ಊರಿನಲ್ಲಿ ಟಿವಿಗೆ ಚಿತ್ರ ಮಾತ್ರ ಬರುತ್ತದೆ. ದನಿಯನ್ನು ಮನೆಯವರೇ ಕೊಡಬೇಕು. ಕನೆಕ್ಷನ್ ತೆಗೆದುಕೊಳ್ಳುವಾಗ ಫಾರಂನಲ್ಲಿ ‘ದನಿ ಕೊಡುವವರ ಹೆಸರು’ ಎಂದು ಒಂದು ಸಾಲು ಇರುತ್ತದೆ. ಅಲ್ಲಿ ಯಾರ ಹೆಸರಿದೆಯೋ ಅವರ ದನಿ ಗೊತ್ತುಮಾಡಿದ ಹೊತ್ತಿಗೆ ಗಂಟಲು ಬಿಟ್ಟು ಟಿವಿಗೆ ಹೋಗುತ್ತದೆ, ಹೊತ್ತು ಮುಗಿದ ಮೇಲೆ ವಾಪಸು ಬರುತ್ತದೆ. ನಾಯಕ, ನಾಯಕಿ, ವಿಲನ್, ವಾರ್ತೆ ಓದುವವ, ಸೋಪಿನ ಜಾಹೀರಾತಿನಲ್ಲಿ ಬರುವ ಹಸುಗೂಸು, ಎಲ್ಲರೂ ಆ ಒಂದೇ ದನಿಯಲ್ಲಿ ಮಾತಾಡುತ್ತಾರೆ. ಕೇಬಲ್‌ನವರದು ಸಂಜೆ ಐದರಿಂದ ಹತ್ತು. ನೋಡಿದರೂ ಅಷ್ಟೇ, ನೋಡದಿದ್ದರೂ ಅಷ್ಟೇ, ನಮಗೆ ಅರ್ಥವಾಗದ ನಲವತ್ತು ಭಾಷೆಯ ಚಾನೆಲ್‌ಗಳಿಗೂ ಸೇರಿಸಿ ಐದು ಗಂಟೆಯ ದನಿ ಹೋಗಿಯೇ ಹೋಗುತ್ತದೆ. ಬೇರೆ ಊರಿನವರು ಕೇಳಿದರೆ ಕಣ್ಣರಳಿಸುತ್ತಾರೆ. ನಮಗೆ ನಲ್ಲಿ ನೀರು ದಿನ ಬಿಟ್ಟು ದಿನ ಬರುವುದು ಹೇಗೋ ಇದೂ ಹಾಗೆ.

ಹೆಣ್ಣು ನೋಡಲು ಹೋದಾಗ ನಮ್ಮಲ್ಲಿ ಹಾಡು ಹೇಳಿಸುವುದಿಲ್ಲ, ಪೇಪರು ಕೊಟ್ಟು ವಾರ್ತೆ ಓದಿಸುತ್ತಾರೆ. ಜಲಜಾಕ್ಷಿಯನ್ನು ನೋಡಲು ಹೋದ ದಿನ ಅವಳು ಹವಾಮಾನ ವರದಿ ಓದಿದಳು. ‘ಅಲ್ಲಲ್ಲಿ ಚದುರಿದಂತೆ ಮಳೆಯಾಗುವ ಸಂಭವವಿದೆ’ ಎಂದಳು. ನಮ್ಮವ್ವ ಅಲ್ಲೇ ನನ್ನ ಪಕ್ಕೆಗೆ ತಿವಿದು, “ಇವ್ಳೇ ಇರ್ಲಿ ಕಣೋ, ಬಾಯಲ್ಲಿ ಬೆಣ್ಣೆ ಇಟ್ಕೊಂಡ್ ಓದ್ದಂಗೆ ಓದ್ತಾಳೆ” ಅಂದಳು. ಮದುವೆಯಾದ ವಾರಕ್ಕೆ ಫಾರಂನಲ್ಲಿ ಅವ್ವನ ಹೆಸರು ಹೋಗಿ ಜಲಜಾಕ್ಷಿಯ ಹೆಸರು ಬಂತು. ಸೊಸೆ ಬಂದ ಮೇಲೆ ಅತ್ತೆಯ ಹೆಸರು ತೆಗೆಸುವುದು ವಾಡಿಕೆ. ಮಗನ ಹೆಸರು ಬರೆಸುವುದು ವಾಡಿಕೆಯಲ್ಲ.

ದನಿ ಇಲ್ಲದ ಹೊತ್ತಿನಲ್ಲಿ ಹೆಂಗಸರು ಸೌಟಿನಲ್ಲಿ ಮಾತಾಡುತ್ತಾರೆ. ಪಾತ್ರೆಗೆ ಒಂದು ಸಲ ಬಡಿದರೆ ಕಾಫಿ, ಎರಡು ಸಲ ಬಡಿದರೆ ಊಟ, ಮೂರು ಸಲ ಬಡಿದರೆ ಗ್ಯಾಸ್ ಮುಗಿದಿದೆ, ಬಡಿಯುತ್ತಲೇ ಇದ್ದರೆ ಗಂಡ ಏನೋ ಮಾಡಿದ್ದಾನೆ. ಇದಲ್ಲದೆ ಪ್ರತಿಯೊಬ್ಬಳ ಕೊರಳಲ್ಲೂ ತಾಳಿಯ ಜೊತೆಗೆ ಕೆಂಪು ದಾರದಲ್ಲಿ ಒಂದು ತಗಡಿನ ಪೀಪಿ. ಅದು ಬಂದದ್ದು ಮೇಲಿನ ಬೀದಿಯ ಸುಶೀಲಳಿಂದ. ನಮ್ಮ ಮದುವೆಯ ಮರುವರ್ಷ ಒಂದು ಸಂಜೆ ಏಳಕ್ಕೆ ಅವಳು ನೀರು ಸೇದಲು ಹೋಗಿ ಬಾವಿಗೆ ಬಿದ್ದಳು. ಕೂಗಲು ದನಿ ಇರಲಿಲ್ಲ, ಅದು ನಡುಮನೆಯಲ್ಲಿ ಹಪ್ಪಳದ ಜಾಹೀರಾತು ಹೇಳುತ್ತಿತ್ತು. ಏಳೂಕಾಲಿಗೆ ಟಿವಿಯಲ್ಲಿ ದನಿ ನಿಂತಾಗ ಅವಳ ಗಂಡ ಕೇಬಲ್ ಹೋಯಿತು ಅಂದುಕೊಂಡು ಟಿವಿಯ ತಲೆಗೆ ಎರಡು ಏಟು ಹಾಕಿದ. ಮಾರನೆಯ ವಾರ ಪಂಚಾಯಿತಿಯವರು ಮನೆಮನೆಗೆ ಪೀಪಿ ಹಂಚಿದರು. ಬಾವಿಗೆ ಕಟಕಟೆ ಕಟ್ಟಿಸುವ ವಿಷಯ ಇನ್ನೂ ಚರ್ಚೆಯಲ್ಲಿದೆ.

ಹೀಗಾಗಿ ಜಲಜಾಕ್ಷಿಯ ದನಿ ಅವಳ ಬಾಯಲ್ಲಿದ್ದಾಗ ನಾನು ಮಂಡಿಯಲ್ಲಿ, ಇಲ್ಲವೇ ನಿದ್ದೆಯಲ್ಲಿ. ನಾನು ಎದ್ದು ಕೂತಾಗ ಅವಳ ದನಿ ಟಿವಿಯಲ್ಲಿ. ಹತ್ತಕ್ಕೆ ದನಿ ಬರುವ ಹೊತ್ತಿಗೆ ನಾನು ಗೊರಕೆ. ಇಪ್ಪತ್ತೆರಡು ವರ್ಷ ಅವಳ ದನಿಯನ್ನು ದಿನಾ ಕೇಳಿದ್ದೇನೆ, ಮುದ್ದೆ ನುಂಗುತ್ತಾ ಕೇಳಿದ್ದೇನೆ. ನಾಯಕಿಯಾಗಿ ಅತ್ತಿದ್ದು, ನಾದಿನಿಯಾಗಿ ಹಾಲಿಗೆ ವಿಷ ಬೆರೆಸಿದ್ದು, ಚಿನ್ನ ಎಷ್ಟು ಏರಿತು ಎಂದು ಹೇಳಿದ್ದು. ಜಲಜಾಕ್ಷಿಯಾಗಿ ಅಂದದ್ದನ್ನು ಕೇಳಿದ್ದು ಕಮ್ಮಿ. ಅದರಿಂದ ತೊಂದರೆಯೇನೂ ಆಗಿರಲಿಲ್ಲ. ನಮ್ಮದು ಜಗಳವಿಲ್ಲದ ಸಂಸಾರವೆಂದು ಬೀದಿಯಲ್ಲಿ ಹೆಸರಿತ್ತು.

ಹೋದ ವರ್ಷ ಟಿವಿ ಕೆಟ್ಟಿತು. ಮೊದಲು ಹೇಳಿದವಳು ಅವ್ವ. ಅವಳಿಗೆ ಎರಡೂ ಕಣ್ಣಿಗೆ ಪೊರೆ, ಟಿವಿಯನ್ನು ಕೇಳುತ್ತಾಳೆಯೇ ಹೊರತು ನೋಡುವುದಿಲ್ಲ.

“ಲೋ ಕೆಂಪ, ಟಿವಿ ಕರಕರ ಅಂತದಲ್ಲೋ. ಆ ಹುಡ್ಗಿ ಗಂಡನ್ನ ಬಿಟ್ಟು ಹೊಂಟವ್ಳೆ, ಅಳೋ ಹೊತ್ನಲ್ಲಿ ಹಳೇ ಬಾಗಿಲು ತೆಗ್ದಂಗೆ ಸದ್ದು ಬತ್ತದೆ.”

ಕೇಬಲ್‌ನ ಇಮ್ತಿಯಾಜ್‌ಗೆ ಹೇಳಿದೆ. ಐವತ್ತರ ಮನುಷ್ಯ, ಹೆಗಲ ಮೇಲೆ ಸದಾ ವೈರಿನ ಸುರುಳಿ. ಬಂದು ವೈರು ಬದಲಾಯಿಸಿದ. ಒಂದು ತಿಂಗಳಾದರೂ ಕರಕರ ಹೋಗಲಿಲ್ಲ. ಸೆಟ್‌ಟಾಪ್ ಬಾಕ್ಸ್ ಬದಲಾಯಿಸಿದ. ಇನ್ನೊಂದು ತಿಂಗಳು. ಈಗ ನಾಯಕಿಯ ದನಿ ನಡುನಡುವೆ ಪೂರ್ತಿ ಕಡಿದು ಹೋಗುತ್ತಿತ್ತು, ವಾರ್ತೆ ಓದುವವ ಮಂತ್ರಿಗಳ ಹೆಸರನ್ನು ಅರ್ಧಕ್ಕೇ ನುಂಗುತ್ತಿದ್ದ. ಬೀದಿಯವರೆಲ್ಲ ಒಂದೊಂದು ಉಪಾಯ ಹೇಳಿದರು. ಟಿವಿಯನ್ನು ಪೂರ್ವಕ್ಕೆ ತಿರುಗಿಸಿದೆವು, ಕೆಳಗೆ ಮಣೆ ಇಟ್ಟೆವು, ಅವ್ವ ಅದಕ್ಕೆ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟಳು. ಮೆಣಸಿನಕಾಯಿ ಘಾಟಿಗೆ ನಾವೆಲ್ಲ ಕೆಮ್ಮಿದೆವು. ಜಲಜಾಕ್ಷಿ ಎಲ್ಲರಿಗಿಂತ ಹೆಚ್ಚು ಕೆಮ್ಮಿದಳು. ಅಡುಗೆಮನೆ ಬಾಗಿಲಲ್ಲಿ ನಿಂತು ಬಿಸಿನೀರು ಕುಡಿಯುತ್ತಾ ನಾವು ಮಾಡುವುದನ್ನೆಲ್ಲ ನೋಡುತ್ತಿದ್ದಳು. ಹಗಲಲ್ಲಿ ಅವಳ ಬಾಯಲ್ಲೂ ದನಿ ಹಾಗೇ ಇತ್ತಂತೆ. ಆದರೆ ಹಗಲಲ್ಲಿ ಕೇಳುವವರು ಯಾರು? ನಾನು ಮಂಡಿಯಲ್ಲಿ, ಅವ್ವ ಐದು ಗಂಟೆಗೆ ಹುಷಾರಾಗಿರಬೇಕೆಂದು ಹಗಲಿಡೀ ಮಲಗುತ್ತಾಳೆ.

ಮೂರನೆಯ ಸಲ ಇಮ್ತಿಯಾಜ್ ಬಂದದ್ದು ನಾಲ್ಕು ಗಂಟೆಗೆ. ನಾನು ಚಾಪೆಯ ಮೇಲೆ ಅರೆನಿದ್ದೆಯಲ್ಲಿದ್ದೆ. ಜಲಜಾಕ್ಷಿ ಅವನಿಗೆ ಕಾಫಿ ಕೊಟ್ಟು, “ಸಕ್ಕರೆ ಸಾಕಾ ಇಮ್ತಿಯಾಜಣ್ಣ?” ಎಂದು ಕೇಳಿದಳು. ಅವನು ಲೋಟವನ್ನು ಕುಡಿಯದೆ ಹಾಗೇ ಕೆಳಗಿಟ್ಟ. ಬಿಚ್ಚಿದ ವೈರನ್ನೆಲ್ಲ ಮತ್ತೆ ಸುತ್ತಿ ಹೆಗಲಿಗೆ ಹಾಕಿಕೊಂಡ.

“ಅಣ್ಣ, ಏಳಿ ಮೇಲೆ. ವೈರ್ ಸರಿ ಇದೆ, ಬಾಕ್ಸ್ ಸರಿ ಇದೆ. ಅಕ್ಕನ್ನ ಡಾಕ್ಟ್ರಿಗೆ ತೋರ್ಸಿ.”

ಡಾಕ್ಟರಮ್ಮ ಸಿಗುವುದು ಸಂಜೆ ಆರಕ್ಕೆ. “ಬಾಯಿ ತೆಗೆದು ಆ ಅನ್ನಿ” ಎಂದರು. ಜಲಜಾಕ್ಷಿ ಬಾಯಿ ತೆಗೆದಳು, ಆ ಬರಲಿಲ್ಲ. ಬರುವುದು ಹೇಗೆ, ಆ ಹೊತ್ತಿಗೆ ಅದು ಮನೆಯಲ್ಲಿತ್ತು. ಡಾಕ್ಟರಮ್ಮನೂ ಇದೇ ಊರಿನವರು, ಮನೆಯಲ್ಲಿ ಟಿವಿ ಇಟ್ಟವರಲ್ಲ ಅಷ್ಟೇ, ಒಂದು ಮಾತು ಕೇಳದೆ ನಮ್ಮ ಮನೆಗೆ ಫೋನು ಹಚ್ಚಿದರು.

“ಯಾರು, ಡಾಕ್ಟ್ರಮ್ಮಾರಾ?” ಆ ಕಡೆಯಿಂದ ಅವ್ವ. “ವಸಿ ತಡೀರಿ, ಈಗ ನಾದಿನಿ ಬಂದವ್ಳೆ. ಅವ್ಳದು ಮುಗೀಲಿ, ನಾಯಕಿ ಅಳ್ತಾಳೆ, ಅದನ್ನ ಕೇಳ್ರಿ, ಅದ್ರಲ್ಲಿ ಚೆನ್ನಾಗಿ ಗೊತ್ತಾಯ್ತದೆ.”

ಡಾಕ್ಟರಮ್ಮ ಫೋನನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ನಾಯಕಿ ತನ್ನ ಗಂಡನ ಎರಡನೇ ಮದುವೆಯ ಸುದ್ದಿ ತಿಳಿದು ಅತ್ತದ್ದನ್ನು ಪೂರ್ತಿ ಕೇಳಿದರು. ಜಾಹೀರಾತು ಬಂದ ಮೇಲೆ ಫೋನಿಟ್ಟರು. ಜಲಜಾಕ್ಷಿ ನಾಯಕಿಗೆ ಏನಾಗಿದೆ ಎನ್ನುವ ಹಾಗೆ ಅವರ ಮುಖವನ್ನೇ ನೋಡುತ್ತಿದ್ದಳು.

“ಎಷ್ಟ್ ದಿನದಿಂದ ಹೀಗಿದೆ?”

“ಮೂರು ತಿಂಗಳಿಂದ” ಅಂದೆ.

“ಮೂರ್ ತಿಂಗಳು ಏನ್ ಮಾಡ್ತಿದ್ರಿ?”

“ಟಿವಿ ರಿಪೇರಿ ಮಾಡಿಸ್ತಿದ್ವಿ.”

ಅವರು ನಗಲಿಲ್ಲ, ಬೈಯಲೂ ಇಲ್ಲ. ಅದನ್ನು ಹಾಗೇ ಚೀಟಿಯಲ್ಲಿ ಬರೆದುಕೊಂಡರು. ಆಮೇಲೆ ಕೊಳವೆ ಇಳಿಸಿ ನೋಡಿದ್ದು, ಚೂರು ಕತ್ತರಿಸಿ ಕಳಿಸಿದ್ದು, ಎಲ್ಲ ಆಗಿ ಹತ್ತು ದಿನಕ್ಕೆ ಹೇಳಿದರು. ಗಡ್ಡೆ ಕೆಟ್ಟದ್ದು, ಗಂಟಲ ಪೆಟ್ಟಿಗೆಯನ್ನೇ ತೆಗೆಯಬೇಕು, ಕತ್ತಿನಲ್ಲಿ ಉಸಿರಾಡಲು ತೂತು ಇಡುತ್ತಾರೆ. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ದೊಡ್ಡಾಸ್ಪತ್ರೆಯಲ್ಲಿ ದಿನ ಸಿಕ್ಕಿದ್ದು ಇಪ್ಪತ್ತೆಂಟು ದಿನಕ್ಕೆ. “ಅಲ್ಲೀತನಕ ಮಾತು ನೋಡ್ಕೊಂಡ್ ಖರ್ಚು ಮಾಡಿ. ಹೇಳೋದಿದ್ರೆ ಹೇಳ್ಕೊಳ್ಳಿ” ಎಂದರು.

ಮನೆಗೆ ಬಂದಾಗ ಅವ್ವ ಸೊಸೆಯ ಕೈ ಹಿಡಿದುಕೊಂಡು, “ಡಾಕ್ಟ್ರು ಕೇಳುದ್ರಲ್ಲ ಅವತ್ತು, ಏನ್ ಚೆಂದಾಗಿ ಅತ್ತುಬಿಟ್ಟೆ ಕಣೇ ನೀನು” ಅಂದಳು.

ನಾನು ಅಳುವ ಜಾತಿಯವನಲ್ಲ, ಲೆಕ್ಕದ ಜಾತಿಯವನು. ಇಪ್ಪತ್ತೆಂಟು ದಿನ, ದಿನಕ್ಕೆ ಐದು ಗಂಟೆ ಟಿವಿಗೆ ಸುಮ್ಮನೆ ಹೋಗುತ್ತಿದೆ. ಅದನ್ನು ಉಳಿಸಿ ಅವಳಿಗೆ ಕೊಡಬೇಕು ಎಂದು ತೀರ್ಮಾನಿಸಿದೆ. ಕನೆಕ್ಷನ್ನೇ ಕೀಳಿಸಬಹುದಿತ್ತಲ್ಲ ಅನ್ನುತ್ತೀರಿ. ಕೇಬಲ್ ಕೀಳಿಸಲು ಮೂರು ತಿಂಗಳ ಮುಂಚೆ ಬರೆದುಕೊಡಬೇಕು. ಬದಲಾಯಿಸುವುದಾದರೆ ಮಾತ್ರ ಮಾರನೆಯ ದಿನವೇ ಆಗುತ್ತದೆ. ಅದೂ ಅಲ್ಲದೆ ಪೊರೆ ಬಂದ ಅವ್ವನಿಗೆ ಇರುವುದು ಅದೊಂದೇ. ಹಳೇ ಕ್ಯಾಲೆಂಡರಿನ ಹಿಂದೆ ಮೂರು ಗೆರೆ ಎಳೆದೆ. ಕೇಬಲ್, ಡಿಶ್, ಒಟಿಟಿ. ಯಾವುದರಲ್ಲಿ ದನಿ ಕಮ್ಮಿ ಹೋಗುತ್ತದೆಂದು ಕೂಲಂಕಷವಾಗಿ ನೋಡಿಯೇ ಬಿಡೋಣ ಎಂದು ಹೊರಟೆ.

ಮೊದಲನೆಯ ವಾರ ಇಮ್ತಿಯಾಜ್‌ನ ಅಂಗಡಿ.

“ಸಣ್ಣ ಪ್ಯಾಕ್‌ಗೆ ಇಳ್ಸಿದ್ರೆ ಎರಡು ಗಂಟೆ ಉಳಿಯುತ್ತೆ ಅಣ್ಣ, ಐದರಿಂದ ಎಂಟು ಮಾತ್ರ. ಆದ್ರೆ ಅವ್ವನ ಸೀರಿಯಲ್ ಅದ್ರಲ್ಲಿ ಬರಲ್ಲ. ವರ್ಷದ್ದು ಒಟ್ಟಿಗೆ ತಗೊಂಡ್ರೆ ಸೇರಿಸ್ ಕೊಡ್ತಾರೆ.” ಅಷ್ಟು ಹೇಳಿ ಡ್ರಾಯರು ಎಳೆದ. “ಇನ್ನೊಂದು ಇದೆ. ಹೆಸ್ರು ಬದ್ಲಾಯ್ಸೋದು. ಫಾರಂ ಇಲ್ಲೇ ಇದೆ, ಒಂದ್ ನಿಮಿಷದ್ ಕೆಲಸ.”

“ನಂದು ದನಿ ಮೇಲಿನ ಹೊಟ್ಟೆಪಾಡು ಕಣೋ ಇಮ್ತಿಯಾಜ್.”

“ನಿಮ್ ಮಂಡಿ ಮಧ್ಯಾಹ್ನಕ್ಕೇ ಮುಗಿಯುತ್ತಲ್ಲ ಅಣ್ಣ?”

“ಸಂಜೆ ಕಟ್ಟೆ ಮೇಲೆ ಕತೆ ಯಾರ್ ಹೇಳೋರು? ನಿಮ್ಮಪ್ಪ ಹೇಳ್ತಾನಾ?”

ಅವನು ಫಾರಂ ಅನ್ನು ಡ್ರಾಯರಿನೊಳಗೆ ಇಟ್ಟುಕೊಂಡ.

ಎರಡನೆಯ ವಾರ ಪಕ್ಕದ ಮನೆಯ ಬೋರಪ್ಪನ ತಾರಸಿ. ಅವನದು ಡಿಶ್, ದನಿ ಅವನ ಹೆಂಡತಿ ನಾಗಿಯದು. ಡಿಶ್‌ಗೆ ದಿನಕ್ಕೆ ಆರು ಗಂಟೆ, ಕೇಬಲ್‌ಗಿಂತ ಒಂದು ಜಾಸ್ತಿ. ಆದರೆ ಮೋಡ ಕವಿದರೆ ಚಿತ್ರ ಹೋಗುತ್ತದೆ, ಚಿತ್ರ ಹೋದರೆ ದನಿ ವಾಪಸು.

“ಹೋದ ವರ್ಷದ ಮಳೆ ಗ್ಯಾನ ಅದಾ ನಿಂಗೆ?” ಅಂದ ಬೋರಪ್ಪ. “ಹದಿನೈದ್ ದಿನ ಹಿಡ್ಕೊಂಡ್ ಹುಯ್ತು. ಹದಿನೈದ್ ದಿನಾನೂ ನಮ್ಮೋಳು ಮಾತಾಡುದ್ಲು. ನಾನು ಮಾಡಿದ್ದು, ಮಾಡ್ದೇ ಇದ್ದಿದ್ದು, ಎಲ್ಲ ಒಂದೊಂದಾಗಿ. ಮಳೆ ನಿಂತ್ರೆ ಮುಡಿ ಕೊಡ್ತೀನಿ ಅಂತ ಹರಕೆ ಹೊತ್ತಿದ್ದೆ ಕಣೋ.” ಹೇಳಿ ತನ್ನ ಬೋಳು ತಲೆ ಸವರಿಕೊಂಡ.

“ಈ ತಿಂಗ್ಳು ಮಳೆ ಬತ್ತದಾ?”

“ಬಂದ್ರೂ ಬರ್ಬೋದು. ಯಾಕೆ, ಜಲಜಕ್ಕನ ಮಾತು ಬೇಕಾ ಈಗ? ಯಾವತ್ತೂ ಕೇಳ್ದೋನಲ್ಲ ನೀನು.”

ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ತಾರಸಿಯ ಮೇಲೆ ಕೂತು ಮೋಡಗಳ ಪಟ್ಟಿ ಮಾಡಿದೆ. ಕಪ್ಪು ಮೋಡಕ್ಕೆ ಒಂದು ಗಂಟೆ ಉಳಿತಾಯ, ಬೂದು ಮೋಡಕ್ಕೆ ಕಾಲು ಗಂಟೆ, ಬಿಳಿಗೆ ಸೊನ್ನೆ. ಏಳು ದಿನದಲ್ಲಿ ಹದಿಮೂರು ಮೋಡ ಬಂದವು. ಹನ್ನೆರಡು ಬಿಳಿ, ಇನ್ನೊಂದು ಮೋಡವಲ್ಲ, ಕಸದ ಗುಡ್ಡೆಗೆ ಯಾರೋ ಬೆಂಕಿ ಹಚ್ಚಿದ್ದರು.

ಮೂರನೆಯ ವಾರ ಒಟಿಟಿ. ಅದಕ್ಕೆ ವೈರಿಲ್ಲ, ತಟ್ಟೆಯಿಲ್ಲ, ಎಲ್ಲ ಫೋನಿನಲ್ಲೇ. ಒಬ್ಬಳು ಹುಡುಗಿ ಬಲು ವಿನಯವಾಗಿ ಮಾತಾಡಿದಳು.

“ಸರ್, ಇದ್ರಲ್ಲಿ ನೀವು ನೋಡಿದಷ್ಟಕ್ಕೇ ದನಿ ಹೋಗುತ್ತೆ. ನೋಡ್ಲಿಲ್ಲ ಅಂದ್ರೆ ನಿಮ್ ಹತ್ರಾನೇ ಇರುತ್ತೆ. ಮೊದಲ್ನೇ ತಿಂಗಳು ಫ್ರೀ ಸರ್.”

“ಫ್ರೀ ಅಂದ್ರೆ ಯಾರ್ ದನೀಲಮ್ಮ ಮಾತಾಡೋದು?”

“ಕಂಪನಿ ದನಿ ಸರ್.”

“ಅದು ಯಾರ್ದು?”

“ನಂದೇ ಸರ್” ಅಂದಳು. ಆಮೇಲೆ ಆ ಕಡೆಯಿಂದ ಏನೂ ಕೇಳಿಸಲಿಲ್ಲ. ಎಲ್ಲೋ ಯಾರದೋ ಮನೆಯಲ್ಲಿ ಫ್ರೀ ತಿಂಗಳು ಶುರುವಾಗಿರಬೇಕು.

ಆದರೆ ಒಟಿಟಿಯ ಗುಟ್ಟು ನನಗೆ ಗೊತ್ತಿತ್ತು. ಫ್ರೀ ತಿಂಗಳು ಮುಗಿದ ದಿನ ಹೇಳದೆ ಕೇಳದೆ ಇಡೀ ಒಂದು ದಿನದ ದನಿಯನ್ನು ಒಟ್ಟಿಗೆ ಎಳೆದುಕೊಳ್ಳುತ್ತದೆ. ನಮ್ಮ ಪುರೋಹಿತರು ಹೀಗೇ ಫ್ರೀ ಎಂದು ತಮ್ಮ ಹೆಸರಿನಲ್ಲೇ ತೆಗೆದುಕೊಂಡು ಮರೆತಿದ್ದರು. ಒಂದು ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಮಂತ್ರದ ನಡುವೆ ದನಿ ಹೋಗಿ, ಆ ಮದುವೆ ಆಗಿದೆಯೋ ಇಲ್ಲವೋ ಎಂದು ಎರಡು ಮನೆಯವರು ಇವತ್ತಿಗೂ ಜಗಳವಾಡುತ್ತಿದ್ದಾರೆ. ಈಗ ಮಕ್ಕಳೂ ಮೂರಾಗಿವೆ. ನಾನು ಅಂಥ ದಡ್ಡನಲ್ಲ, ಮುಂದಿನದನ್ನು ಯೋಚಿಸುವವನು. ಒಂದು ತಿಂಗಳ ಫ್ರೀ ಆಸೆಗೆ ಬಿದ್ದು ಆಮೇಲೆ ವರ್ಷವಿಡೀ ಕೈಸುಟ್ಟುಕೊಳ್ಳುವುದೇ? ಬೇಡವೆಂದು ಅದರ ಮೇಲೆ ಅಡ್ಡಗೆರೆ ಎಳೆದೆ.

ಅವತ್ತೇ ಇರಬೇಕು, ಮಧ್ಯಾಹ್ನದ ನಿದ್ದೆ ಬಿಟ್ಟು ಕ್ಯಾಲೆಂಡರಿನ ಮುಂದೆ ಕೂತಿದ್ದೆ. ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿತ್ತು. ಜಲಜಾಕ್ಷಿ ಬಂದು ಪಕ್ಕದಲ್ಲಿ ಕೂತಳು. ಸೆರಗಿನ ತುದಿಯಲ್ಲಿ ಕೈ ಒರೆಸಿದಳು, ಒದ್ದೆ ಇರಲಿಲ್ಲ, ಆದರೂ ಒರೆಸಿದಳು.

“ರೀ, ನಿಮ್ಗೆ ಒಂದ್ ಮಾತು ಹೇಳ್ಬೇಕಿತ್ತು.” ಒಣಗಿದ ತೆಂಗಿನ ಗರಿ ನೆಲದ ಮೇಲೆ ಎಳೆದ ಹಾಗಿತ್ತು ದನಿ.

“ಒಂದ್ ಚೂರು ತಡಿ ಜಲಜ. ಈ ಮೋಡದ್ದೊಂದು ಕೂಡ್ಕೊಂಡ್‌ಬಿಡ್ತೀನಿ. ಇಷ್ಟೆಲ್ಲ ಒದ್ದಾಡ್ತಿರೋದು ನಿನ್ ಮಾತು ಉಳ್ಸೋಕೇ ಅಲ್ವಾ?”

ಅವಳು ತಡೆದಳು. ಮೋಡ ಕೂಡುವಲ್ಲಿ ಒಂದು ತಪ್ಪು ಬಂತು, ಮೊದಲಿಂದ ಮತ್ತೆ ಕೂಡಿದೆ. ಮುಗಿಸಿ, “ಹೂಂ, ಈಗ ಹೇಳು” ಎಂದು ತಲೆಯೆತ್ತಿದೆ. ಅವಳ ತುಟಿ ಅಲ್ಲಾಡಿತು. ನಡುಮನೆಯಿಂದ ಅವಳ ದನಿ, ‘ವಾರ್ತೆಗಳು, ಮೊದಲಿಗೆ ಮುಖ್ಯಾಂಶಗಳು’ ಅಂದಿತು. ಅವಳು ಎದ್ದು ಹೋಗಿ ಸೌಟಿನಿಂದ ಒಂದು ಸಲ ಬಡಿದಳು. ಕಾಫಿ ಕುಡಿದು ನಾನು ಕಟ್ಟೆಗೆ ಹೋದೆ.

ಇಪ್ಪತ್ತಾರನೆಯ ದಿನ ನನ್ನ ತುಲನೆ ಮುಗಿಯಿತು. ಎಲ್ಲ ರೀತಿಯಿಂದಲೂ ಲಾಭದ್ದು ಕೇಬಲ್‌ನ ಸಣ್ಣ ಪ್ಯಾಕು, ವರ್ಷದ್ದು. ಅವ್ವನ ಸೀರಿಯಲ್‌ಗೂ ಕುಂದಿಲ್ಲ, ದಿನಕ್ಕೆ ಎರಡು ಗಂಟೆ ಉಳಿತಾಯ, ವರ್ಷಕ್ಕೆ ಏಳುನೂರ ಮೂವತ್ತು ಗಂಟೆ. ಇಷ್ಟು ಚೊಕ್ಕಟವಾದ ಲೆಕ್ಕವನ್ನು ನಾನು ಮಂಡಿಯಲ್ಲೂ ಮಾಡಿರಲಿಲ್ಲ. ಕ್ಯಾಲೆಂಡರನ್ನು ಕಂಕುಳಲ್ಲಿ ಇಟ್ಟುಕೊಂಡು ಇಮ್ತಿಯಾಜ್‌ನ ಅಂಗಡಿಗೆ ಹೋಗಿ ಫಾರಂ ಕೇಳಿ ತೆಗೆದುಕೊಂಡು ಒಂದೇ ಉಸಿರಿಗೆ ತುಂಬಿಸಿದೆ. ವಿಳಾಸ, ಬೀದಿ, ಪ್ಯಾಕು, ಅವಧಿ ಒಂದು ವರ್ಷ, ದನಿ ಕೊಡುವವರ ಹೆಸರು ಜಲಜಾಕ್ಷಿ.

ಇಮ್ತಿಯಾಜ್ ಕ್ಯಾಲೆಂಡರಿನ ಲೆಕ್ಕ ನೋಡಿದ, ಫಾರಂ ಓದಿದ. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದ.

“ಅಣ್ಣ, ಅಕ್ಕನ ಆಪರೇಷನ್ ಯಾವತ್ತು?”

“ನಾಡಿದ್ದು.”

“ಆಮೇಲೆ?”

“ಆಮೇಲೆ ಏನು?”

“ಏಳ್ನೂರ ಮೂವತ್ತ್ ಗಂಟೆ ಎಲ್ಲಿಂದ ತರ್ತೀರಾ ಅಣ್ಣ?”

ಅಂಗಡಿಯ ಫ್ಯಾನು ತಿರುಗುತ್ತಿತ್ತು. ಕ್ಯಾಲೆಂಡರಿನ ತುದಿ ಫಡಫಡ ಅನ್ನುತ್ತಿತ್ತು. ನಾನು ಅದರ ಮೇಲೆ ಕೈಯಿಟ್ಟೆ. ಬಾಯಿ ತೆರೆದೆ, ಏನೂ ಬರಲಿಲ್ಲ. ಆಗ ನನ್ನ ದನಿ ನನ್ನ ಗಂಟಲಲ್ಲೇ ಇತ್ತು, ನೆನಪಿರಲಿ.

ಇಮ್ತಿಯಾಜ್ ಬೈಯುವ ಮನುಷ್ಯನಲ್ಲ. ಹಳೆಯದನ್ನು ಮಡಚಿ ಪಕ್ಕಕ್ಕಿಟ್ಟು, ಡ್ರಾಯರಿನಿಂದ ಹೊಸ ಫಾರಂ ತೆಗೆದು ಅದರ ಮೇಲೆ ಪೆನ್ನಿಟ್ಟು ನನ್ನ ಕಡೆಗೆ ಸರಿಸಿದ. ನನ್ನ ಹೆಸರು ಬರೆಯುವುದು ಅಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ‘ಕೆಂ’ ಬರೆದು ನಿಲ್ಲಿಸಿದೆ. ಕಟ್ಟೆ ನೆನಪಾಯಿತು. ಕಟ್ಟೆಯವರು ಹೋ ಎಂದು ನಗುವುದು ನೆನಪಾಯಿತು. ಇಮ್ತಿಯಾಜ್ ಗೋಡೆಯ ಕಡೆಗೆ ತಿರುಗಿ ಎಲ್ಲ ಸರಿಯಾಗಿಯೇ ಇದ್ದ ವೈರುಗಳನ್ನು ಮತ್ತೆ ಜೋಡಿಸುತ್ತಾ ಕಾದ. ಉಳಿದ ಅಕ್ಷರಗಳನ್ನೂ ಬರೆದೆ.

ಮಾರನೆಯ ದಿನ ಐದಕ್ಕೆ ನನ್ನ ದನಿ ಹೋಯಿತು. ನೋವೇನೂ ಇಲ್ಲ. ಹಲ್ಲು ಕಿತ್ತ ಜಾಗವನ್ನು ನಾಲಿಗೆ ತಡಕುತ್ತದಲ್ಲ, ಹಾಗೆ ಗಂಟಲು ಏನನ್ನೋ ತಡಕುತ್ತಿರುತ್ತದೆ. ನಡುಮನೆಯಲ್ಲಿ ನಾಯಕಿ ನನ್ನ ಹರಾಜು ದನಿಯಲ್ಲಿ, “ಅತ್ತೆಮ್ಮಾ, ನಾನು ತಪ್ಪು ಮಾಡಿಲ್ಲ” ಎಂದು ಕೂಗಿದಳು. ಅವ್ವ ಬೆಚ್ಚಿಬಿದ್ದಳು.

“ಅಯ್ಯೋ ಸಿವ್ನೇ, ಈ ಹುಡ್ಗಿಗೆ ಏನ್ ಬಂತು? ಟೊಮೆಟೊ ಮಾರೋಳಂಗೆ ಅರಚ್ತಾಳಲ್ಲ!”

ಜಲಜಾಕ್ಷಿ ನಕ್ಕಳು. ಸಂಜೆಯ ಹೊತ್ತಿನಲ್ಲಿ ಅವಳ ನಗು ಸದ್ದು ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ನನ್ನ ಎದುರಿಗೆ ಬಂದು ಕೂತಳು. ನಾನು ಕೈಸನ್ನೆ ಮಾಡಿ, ಅವತ್ತು ಏನೋ ಹೇಳಬೇಕು ಅಂದಿದ್ದೆಯಲ್ಲ, ಏನದು ಎಂದು ಕೇಳಿದೆ. ಸನ್ನೆ ನನಗೆ ಬರುವುದಿಲ್ಲ, ಎರಡು ಸಲ ಮಾಡಬೇಕಾಯಿತು. ಅವಳಿಗೆ ಮೊದಲನೆಯ ಸಲವೇ ಗೊತ್ತಾಗಿತ್ತು ಎಂದು ಕಾಣುತ್ತದೆ.

“ಅದಾ? ಒಂದ್ ತಿಂಗಳು ನಿಮ್ ಹೆಸ್ರು ಬರೀರಿ ಅಂತ ಕೇಳೋಣ ಅಂತಿದ್ದೆ” ಎಂದಳು. “ಈಗ ಬರ್ದಿದೀರಲ್ಲ, ಬಿಡಿ.”

ಆಮೇಲೆ ಅವಳು ಮಾತಾಡಿದಳು. ಹೃದಯ ಕಲಕುವಂಥದ್ದೇನೋ ಬರುತ್ತದೆಂದು ನಾನು ಕಾದು ಕೂತಿದ್ದೆ, ಸೀರಿಯಲ್‌ನಲ್ಲಿ ಬರುತ್ತದಲ್ಲ ಹಾಗೆ. ಸಾಸಿವೆ ಡಬ್ಬಿ ಮೇಲಿನ ಗೂಡಿನಲ್ಲಿದೆ ಎಂದಳು. ಅವ್ವನ ಬಿಳಿ ಮಾತ್ರೆ ಊಟಕ್ಕೆ ಮುಂಚೆ, ಹಳದಿಯದು ಆಮೇಲೆ. ಹಾಲಿನವನು ನೀರು ಬೆರೆಸಿದರೆ ಅವನ ತಂಗಿ ಹತ್ತಿರ ಹೇಳಬೇಕು, ಅವನಿಗೆ ಹೇಳಿ ಪ್ರಯೋಜನವಿಲ್ಲ. ಹಿತ್ತಿಲ ಬಾಗಿಲಿನ ಅಗುಳಿಯನ್ನು ಮೇಲೆತ್ತಿ ಎಳೆದರೆ ಮಾತ್ರ ಬೀಳುತ್ತದೆ. ನಾನು ಕಟ್ಟೆಯ ಮೇಲೆ ಹೇಳುವ ಕತೆ ಇಷ್ಟು ದಿನ ಮನೆತನಕ ಕೇಳಿಸುತ್ತಿತ್ತಂತೆ, ಹುಲಿಗೆ ಟೊಮೆಟೊ ತಿನ್ನಿಸಿದ್ದು ಮಾತ್ರ ಚೆನ್ನಾಗಿತ್ತಂತೆ, ಉಳಿದದ್ದೆಲ್ಲ ಸುಮಾರು. ಪ್ರತಿಯೊಂದಕ್ಕೂ ನನ್ನ ಹತ್ತಿರ ಉತ್ತರವಿತ್ತು. ನಾನು ತಲೆ ಅಲ್ಲಾಡಿಸಿದೆ.

“ನೀವ್ ಸುಮ್ನಿದ್ರೆ ಎಷ್ಟ್ ಲಕ್ಷಣವಾಗಿ ಕಾಣ್ತೀರಾ” ಎಂದಳು.

ಏಳರ ಹೊತ್ತಿಗೆ ಅವಳು ಅವ್ವನ ಪಕ್ಕ ಹೋಗಿ ಕೂತು, “ಅತ್ತೆ” ಎಂದಳು. ಅವ್ವ ಟಿವಿಯ ಕಡೆಗೆ ಕಿವಿಯಿಟ್ಟು, ಆಮೇಲೆ ಪಕ್ಕಕ್ಕೆ ತಿರುಗಿದಳು.

“ಯಾರದು?”

“ನಾನು ಅತ್ತೆ, ಜಲಜ.”

ಅವ್ವ ಕೈ ಚಾಚಿ ಅವಳ ಮುಖ ಸವರಿದಳು, ಗಲ್ಲ, ಗಂಟಲು. “ಇಲ್ಲಿದ್ಯಾ ಮಗಾ ನೀನು” ಎಂದಳು. ಆಮೇಲೆ ಇಬ್ಬರೂ ಏನೇನೋ ಮಾತಾಡಿಕೊಂಡರು. ಟಿವಿಯಲ್ಲಿ ನಾನು ಅಷ್ಟು ಜೋರಾಗಿ ಅರಚುತ್ತಿದ್ದರಿಂದ ನನಗೇ ಒಂದೂ ಕೇಳಿಸಲಿಲ್ಲ. ಸಣ್ಣ ಪ್ಯಾಕಿನ ಹೊತ್ತು ಮುಗಿದು ಎಂಟು ಹೊಡೆಯಿತು, ನನ್ನ ದನಿ ಬಂತು. ಅಷ್ಟರಲ್ಲಿ ಅವಳದು ತಳ ಕಂಡಿತ್ತು. “ಜಲಜ” ಎಂದೆ. ಅವಳು ಗಂಟಲಿನ ಕಡೆ ಬೆರಳು ತೋರಿಸಿ, ಮುಗಿಯಿತು ಎನ್ನುವಂತೆ ಅಂಗೈ ತಿರುವಿದಳು. ಬೆಳಿಗ್ಗೆ ಬಸ್ಸು ಹತ್ತಿದೆವು.

ಹದಿನಾರು ದಿನದ ಮೇಲೆ ಕರೆದುಕೊಂಡು ಬಂದೆ. ಕತ್ತಿನ ನಡುವೆ ನಾಲ್ಕಾಣೆ ಅಗಲದ ತೂತು, ಅದರ ಮೇಲೆ ತೆಳು ಬಿಳಿ ಬಟ್ಟೆ. ಆಸ್ಪತ್ರೆಯವರು, ಮಾತಿಲ್ಲದ್ದಕ್ಕೆ ಹೊಂದಿಕೊಳ್ಳಲು ಇವರಿಗೆ ವರ್ಷವಾದರೂ ಬೇಕು, ಮನೆಯವರೂ ತಾಳ್ಮೆಯಿಂದ ಇರಬೇಕು ಎಂದು ಎಚ್ಚರಿಸಿ ಕಳಿಸಿದ್ದರು. ಅವಳು ಬಂದವಳೇ ಸೀರೆ ಬದಲಾಯಿಸಿ ಸೌಟು ತೆಗೆದುಕೊಂಡಳು. ಎರಡು ಸಲ ಬಡಿದಳು, ನಾನು ಊಟಕ್ಕೆ ಹೋಗಿ ಕೂತೆ. ಅಷ್ಟೇ. ಹೊಂದಿಕೊಳ್ಳಲು ಅವಳಿಗೆ ಉಳಿದದ್ದೇನೂ ಇರಲಿಲ್ಲ.

ಅವತ್ತು ಸಂಜೆ ಐದಕ್ಕೆ ಇನ್ನೇನು ಎರಡು ನಿಮಿಷವಿದೆ ಎನ್ನುವಾಗ ಅವಳು ಹಿತ್ತಿಲ ಬಾವಿಗೆ ಬಿಂದಿಗೆ ಎತ್ತಿಕೊಂಡು ಹೊರಟಳು. ಹೋಗುವ ಮುಂಚೆ ಎಲ್ಲ ಹೆಂಗಸರೂ ಮಾಡುವ ಹಾಗೆ ಪೀಪಿಯನ್ನು ತುಟಿಗಿಟ್ಟು ಒಮ್ಮೆ ಊದಿ ನೋಡಿದಳು. ಸದ್ದು ಬರಲಿಲ್ಲ. ಎದೆ ಉಬ್ಬಿಸಿ ಮತ್ತೆ ಊದಿದಳು. ಉಸಿರು ಬಾಯಿಯ ತನಕ ಬರಲೇ ಇಲ್ಲ, ಕತ್ತಿನ ಬಿಳಿ ಬಟ್ಟೆ ಪಟಪಟ ಹಾರಿತು. ಪೀಪಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದಳು. ಬಿಂದಿಗೆ ಕೆಳಗಿಟ್ಟು ನನ್ನ ಹತ್ತಿರ ಬಂದಳು. ಕೆಂಪು ದಾರವನ್ನು ತನ್ನ ತಲೆಯ ಮೇಲಿಂದ ತೆಗೆದು ನನ್ನ ಕೊರಳಿಗೆ ಹಾಕಿದಳು, ಗಂಟು ಹಿಂದಕ್ಕೆ ಬರುವ ಹಾಗೆ ಸರಿಮಾಡಿ ಎದೆಯ ಮೇಲೆ ಎರಡು ಸಲ ತಟ್ಟಿದಳು.

ಇಪ್ಪತ್ತೆರಡು ವರ್ಷದ್ದನ್ನೆಲ್ಲ ಒಂದೇ ಮಾತಿನಲ್ಲಿ ಹೇಳಿಬಿಡುವಷ್ಟು ನನಗೆ ಬಾಯಿದೆ. ಮಾತನ್ನು ಬಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದೆ. ಬಾಯಿ ತೆರೆದೆ. ನಡುಮನೆಯಲ್ಲಿ ನನ್ನ ದನಿ, ‘ಎಂಥಾ ಕಲೆಯೇ ಇರಲಿ, ಒಂದೇ ಒಗೆತಕ್ಕೆ ಮಾಯ’ ಅಂದಿತು.

ಅವಳು ಬಿಂದಿಗೆ ಇಟ್ಟ ಕಡೆಗೆ ಕಣ್ಣಿನಲ್ಲೇ ತೋರಿಸಿದಳು. ನಾನು ಎತ್ತಿಕೊಂಡು ಬಾವಿಗೆ ಹೋದೆ. ಈಗ ದಿನಾ ನಾನೇ ಹೋಗುತ್ತೇನೆ. ಅಂಚಿನಲ್ಲಿ ಕಾಲಿಡುವ ಮುಂಚೆ ಪೀಪಿಯನ್ನು ಒಮ್ಮೆ ಊದುತ್ತೇನೆ. ಒಳಗಿನಿಂದ ಸೌಟಿನ ಸದ್ದು ಒಂದು ಸಲ ಬರುತ್ತದೆ. ಕಾಫಿಗೆ ಅಲ್ಲ, ಕೇಳಿಸಿತು ಎನ್ನುವುದಕ್ಕೆ.